ಕೊಡಲಿ ತಲೆ ಮತ್ತೆ ಮತ್ತೆ ಸಡಿಲವಾಗುತ್ತಿದೆಯೇ? ಬೆಣೆ ಹೊಡೆಯುವ ಮೊದಲು ಕಾವನ್ನು ನೋಡಿ

ಕೊಡಲಿಯ ತಲೆ ಅಲ್ಲಾಡಲು ಶುರುವಾದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೇಲಿಂದ ಒಂದು ಬೆಣೆ ಹೊಡೆಯುತ್ತಾರೆ. ಸ್ವಲ್ಪ ದಿನ ಗಟ್ಟಿಯಾಗಿರುತ್ತದೆ, ಆಮೇಲೆ ಮತ್ತೆ ಅಲ್ಲಾಡುತ್ತದೆ. ಈ ಸಲ ಬೆಣೆಯ ಪಕ್ಕದಲ್ಲಿ ಒಂದು ಮೊಳೆ. ಅದೂ ನಿಲ್ಲದಿದ್ದರೆ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡುತ್ತಾರೆ. ಬೆಳಿಗ್ಗೆ ತಲೆ ಬಿಗಿಯಾಗಿರುತ್ತದೆ, ನಿಜ. ಆದರೆ ಎರಡು ಬಿಸಿಲು ಕಂಡ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ.

ಹೆಚ್ಚಿನ ಸಲ ತಪ್ಪು ಬೆಣೆಯದ್ದಲ್ಲ. ಕಾವಿನ, ಅಂದರೆ ಹಿಡಿಯ, ಮರ ಸರಿಯಾಗಿ ಒಣಗಿರುವುದಿಲ್ಲ, ಇಲ್ಲವೇ ಕಾವು ತಲೆಯ ತೂತಿನೊಳಗೆ ಎಲ್ಲ ಕಡೆ ಕೂತಿರುವುದಿಲ್ಲ. ಈ ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಎಷ್ಟು ಬೆಣೆ ಹೊಡೆದರೂ ದೋಷ ಹೋಗುವುದಿಲ್ಲ. ಹಾಗಾಗಿ ಮೊದಲು ಕಾರಣ ಹುಡುಕೋಣ, ಸುತ್ತಿಗೆ ಆಮೇಲೆ ಎತ್ತೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಲೆ ಸ್ವಲ್ಪವೇ ಅಲ್ಲಾಡುತ್ತಿದೆ, ಇವತ್ತಿನ ಸೌದೆ ಒಡೆದು ನಾಳೆ ನೋಡೋಣ ಅನ್ನಬೇಡಿ. ಒಂದು ಕಿಲೋಗೂ ಜಾಸ್ತಿ ತೂಕದ ಕಬ್ಬಿಣ ಬೀಸುವ ವೇಗದಲ್ಲಿ ಕಾವು ಬಿಟ್ಟು ಹೊರಟರೆ ಅದು ಎಲ್ಲಿ ಬೀಳುತ್ತದೆ ಅಂತ ಯಾರ ಕೈಯಲ್ಲೂ ಇಲ್ಲ. ಸಡಿಲ ಕೊಡಲಿ ಆ ಕ್ಷಣವೇ ಪಕ್ಕಕ್ಕೆ ಹೋಗಬೇಕು.

ಬಿಚ್ಚುವ ಮೊದಲು

ನಿಮ್ಮದು ಯಾವ ಬಗೆಯ ಕೊಡಲಿ ಅಂತ ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಎರಡೂ ಬಗೆ ಇವೆ, ಎರಡರ ರೋಗವೂ ಬೇರೆ, ಮದ್ದೂ ಬೇರೆ.

ಹಳ್ಳಿಯ ಕುಲುಮೆಯಲ್ಲಿ ಮಾಡಿದ ಎಷ್ಟೋ ಕೊಡಲಿಗಳಿಗೆ ಗುಂಡನೆಯ ತೂತು. ಇವುಗಳಲ್ಲಿ ಕಾವನ್ನು ಮೇಲಿಂದ ಇಳಿಸುತ್ತಾರೆ, ಪಿಕಾಸಿಗೆ ಇಳಿಸುವ ರೀತಿಯಲ್ಲೇ. ಕಾವಿನ ಮೇಲ್ತುದಿ ದಪ್ಪ, ಹಿಡಿಯುವ ಕಡೆ ಸಣ್ಣ. ಬೀಸಿದಷ್ಟೂ ತಲೆ ದಪ್ಪ ತುದಿಯ ಕಡೆಗೇ ಎಳೆಯುತ್ತದೆ, ತಾನೇ ಬಿಗಿಯಾಗುತ್ತದೆ. ಬೆಣೆ ಬೇಕಿಲ್ಲ. ಇನ್ನೊಂದು ಬಗೆಯಲ್ಲಿ ತೂತು ಮೊಟ್ಟೆಯಾಕಾರ. ಕಾವು ಕೆಳಗಿಂದ ಹೋಗುತ್ತದೆ, ಮೇಲ್ತುದಿಯನ್ನು ಸೀಳಿ ಬೆಣೆ ಹೊಡೆದು ಅಗಲ ಮಾಡುತ್ತಾರೆ. ಪೇಟೆಯಲ್ಲಿ ಸಿಗುವ ಕಾರ್ಖಾನೆ ಕೊಡಲಿಗಳಲ್ಲಿ ಇದೇ ಜಾಸ್ತಿ.

ಯಾವುದು ಅಂತ ಅನುಮಾನವಿದ್ದರೆ ತಲೆಯ ಕೆಳಗೆ ಕಾವಿನ ದಪ್ಪ ನೋಡಿ. ತಲೆಯ ಕೆಳಗೆ ಕಾವು ತೂತಿಗಿಂತ ಸಣ್ಣದಾಗುತ್ತಾ ಹೋಗಿದ್ದರೆ ಮೇಲಿಂದ ಇಳಿಸಿದ್ದು. ತೂತಿಗಿಂತ ದಪ್ಪವಾಗಿ, ತಲೆ ಅದರ ಮೇಲೆ ಕೂತಿದ್ದರೆ ಕೆಳಗಿಂದ ಹಾಕಿದ್ದು. ಮೇಲಿಂದ ಇಳಿಸಿದ ಕಾವಿಗೆ ಬೆಣೆ ಹೊಡೆದಿರುವುದನ್ನೂ ನೋಡುತ್ತೇವೆ. ಅಲ್ಲಿ ಕಾವು ಕುಗ್ಗಿತ್ತು, ಯಾರೋ ಬೆಣೆಯಿಂದ ತೇಪೆ ಹಾಕಿದರು ಅಂತ ಅರ್ಥ.

ಈಗ ತಲೆಯ ಕೆಳಗಿನ ಅಂಚಿಗೆ ಸರಿಯಾಗಿ ಕಾವಿನ ಸುತ್ತ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ತಲೆಯನ್ನು ಕೈಯಲ್ಲಿ ಹಿಡಿದು ನಾಲ್ಕೂ ಕಡೆ ಅಲ್ಲಾಡಿಸಿ, ಮೇಲೆ ಕೆಳಗೆ ಎಳೆದು ನೋಡಿ. ಬೀಸಿ ಪರೀಕ್ಷೆ ಮಾಡಬೇಡಿ. ಮರದ ದಿಮ್ಮಿಯ ಮೇಲೆ ತಲೆಯ ಪಕ್ಕವನ್ನು ಮೆಲ್ಲಗೆ ತಟ್ಟಿದರೆ ಸಾಕು.

ಗೆರೆಗೂ ತಲೆಗೂ ನಡುವೆ ಸಂದು ಕಾಣಿಸಿದರೆ ತಲೆ ಮೇಲಕ್ಕೆ ಸರಿದಿದೆ. ಕೆಳಗಿಂದ ಹಾಕಿದ ಕೊಡಲಿಯಲ್ಲಿ ಇದು ದೊಡ್ಡ ಅಪಾಯದ ಗುರುತು. ಬೆಣೆ ಎದ್ದಿದೆ, ಇಲ್ಲವೇ ಮರ ತುಂಬಾ ಕುಗ್ಗಿದೆ. ಮೇಲಿಂದ ಇಳಿಸಿದ್ದರಲ್ಲಿ ತಲೆ ಮೇಲಕ್ಕೆ ಸರಿಯುವುದು ಸಹಜ, ಆದರೆ ಕಾವಿನ ತುದಿ ತಲೆಯಿಂದ ಹೊರಗೆ ಎಷ್ಟು ಉಳಿದಿದೆ ನೋಡಿ. ಮೊದಲು ಎರಡು ಬೆರಳಷ್ಟು ಹೊರಗಿದ್ದದ್ದು ಈಗ ತಲೆಗೆ ಸಮವಾಗಿದ್ದರೆ ಆ ಕಾವಿನ ಆಯುಸ್ಸು ಮುಗಿಯಿತು. ಮುಂದಿನ ಏಟಿಗೆ ತಲೆ ಹಾರಬಹುದು.

ಗೆರೆ ಅಲ್ಲೇ ಇದೆ, ಆದರೆ ಬಾಯಿಯಿಂದ (ಹರಿತದ ಅಂಚಿನಿಂದ) ಬೆನ್ನಿನ ದಿಕ್ಕಿನಲ್ಲಿ ತಲೆ ತೂಗುತ್ತದೆ ಅಂದರೆ ತೂತಿನ ಉದ್ದದ ಎರಡು ತುದಿಗಳಲ್ಲಿ ಕಾವು ತಾಗುತ್ತಿಲ್ಲ. ಉದ್ದಕ್ಕೆ ಹೊಡೆದ ಬೆಣೆ ಕಾವನ್ನು ಎಡಕ್ಕೆ ಬಲಕ್ಕೆ ಅಗಲ ಮಾಡುತ್ತದೆ, ಮುಂದೆ ಹಿಂದೆ ಅಲ್ಲ. ಇಲ್ಲಿ ಇನ್ನೊಂದು ಬೆಣೆ ಹೊಡೆಯುವುದು ಸುಮ್ನೆ. ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಮಾತ್ರ ಬೆಣೆಯನ್ನು ಅನುಮಾನಿಸಿ. ತಲೆ ಕಾವಿನ ಮೇಲೆ ತಿರುಗುತ್ತಿದ್ದರೆ, ಅದು ಗುಂಡು ತೂತಿನ ಕಾಯಿಲೆ. ಕಾವು ಎಷ್ಟೇ ಗುಂಡಗಿದ್ದರೂ ಒಣಗುವಾಗ ಒಂದು ದಿಕ್ಕಿನಲ್ಲಿ ಜಾಸ್ತಿ ಕುಗ್ಗುತ್ತದೆ. ಆಮೇಲೆ ಎರಡು ಕಡೆ ಮಾತ್ರ ತಾಗಿರುತ್ತದೆ.

ಕಬ್ಬಿಣವನ್ನೂ ಈಗಲೇ ನೋಡಿ. ತೂತಿನ ಗೋಡೆಯಲ್ಲಿ ಬಿರುಕಿದ್ದರೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಕೊಡಲಿಯ ಬೆನ್ನನ್ನೇ ಸುತ್ತಿಗೆ ಮಾಡಿಕೊಂಡು ಸೌದೆ ಸೀಳುವ ಕಬ್ಬಿಣದ ಬೆಣೆ ಹೊಡೆದವರ ಮನೆಯಲ್ಲಿ ಇದು ಮಾಮೂಲಿ. ತೂತಿನ ಗೋಡೆ ತೆಳು, ಆ ಏಟೆಲ್ಲ ಅಲ್ಲಿಗೇ ಹೋಗುತ್ತದೆ. ಸಣ್ಣ ಬಿರುಕು ಕಣ್ಣಿಗೆ ಕಾಣದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿನೊಳಗೆ ಹೋದ ಎಣ್ಣೆ ಹೊರಗೆ ಜಿನುಗಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯಾಗುತ್ತದೆ. ಆ ಗೆರೆ ಕಂಡರೆ ತಲೆಯನ್ನು ಕಮ್ಮಾರರಿಗೆ ಕೊಡಿ, ಬೇರೆ ಏನಾದರೂ ಮಾಡಿಕೊಡುತ್ತಾರೆ. ಬೆಸುಗೆ ಹಾಕಿಸಿ ಮತ್ತೆ ಬೀಸುವ ಯೋಚನೆ ಬೇಡ.

ಬಿಚ್ಚಿದ ಮೇಲೆ ಕಾವನ್ನು ಓದಿ

ಇಡೀ ತಪಾಸಣೆಯಲ್ಲಿ ಹೆಚ್ಚು ಹೇಳುವ ಭಾಗ ಇದು. ಆದರೆ ಹಳೆಯ ಕಾವು ಬಿಚ್ಚಿದ ತಕ್ಷಣ ಜನ ಅದನ್ನು ಒಲೆಗೆ ಹಾಕಿಬಿಡುತ್ತಾರೆ. ಹಾಕಬೇಡಿ. ದೋಷ ಏನಿತ್ತು ಅಂತ ಆ ತುಂಡೇ ಹೇಳುತ್ತದೆ.

ಮೇಲಿಂದ ಇಳಿಸಿದ ತಲೆಯನ್ನು ಕೆಳಕ್ಕೆ ತಟ್ಟಿದರೆ ಬಿಡಿಸಿಕೊಳ್ಳುತ್ತದೆ. ಬೆಣೆಯ ಕೊಡಲಿಯಲ್ಲಿ ಬೆಣೆ ಎಳೆಯಲು ಬಂದರೆ ಎಳೆಯಿರಿ. ಬರದಿದ್ದರೆ ತಲೆಯ ಕೆಳಗೆ ಕಾವನ್ನು ಗರಗಸದಿಂದ ಕೊಯ್ದು, ಒಳಗಿನ ತುಂಡನ್ನು ಕೆಳಗಿಂದ ಮೇಲಕ್ಕೆ ಹೊಡೆದು ಹೊರಡಿಸಿ. ಬೆಣೆಯಿಂದ ಅಗಲವಾದ ಭಾಗ ಮೇಲಿದೆ, ಹಾಗಾಗಿ ಅದು ಆ ಕಡೆಗೇ ಹೋಗಬೇಕು. ಬಿಡದಿದ್ದರೆ ಡ್ರಿಲ್‌ನಿಂದ ನಾಲ್ಕೈದು ತೂತು ಕೊರೆದು ಮರವನ್ನು ಸಡಿಲ ಮಾಡಿ.

ಈಗ ತೂತಿನೊಳಗಿದ್ದ ಭಾಗವನ್ನು ಬೆಳಕಿಗೆ ಹಿಡಿಯಿರಿ. ಕಬ್ಬಿಣ ಗಟ್ಟಿಯಾಗಿ ಒತ್ತಿದ ಕಡೆ ಮರ ನುಣ್ಣಗೆ ಹೊಳೆಯುತ್ತದೆ. ತಾಗದ ಕಡೆ ಮಂಕಾಗಿರುತ್ತದೆ, ಕೆಲವು ಸಲ ತುಕ್ಕಿನ ಪುಡಿ ಅಂಟಿರುತ್ತದೆ. ಸುತ್ತಲೂ, ಮೇಲಿಂದ ಕೆಳಗಿನವರೆಗೂ ಒಂದೇ ಸಮ ಹೊಳಪಿದ್ದರೆ ಕಾವನ್ನು ಕೆತ್ತಿದವರು ಸರಿಯಾಗಿಯೇ ಕೆತ್ತಿದ್ದಾರೆ, ಆಮೇಲೆ ಮರ ಕುಗ್ಗಿದೆ. ಅದು ಹಸಿಯ ಸಮಸ್ಯೆ.

ಕೆಳಗೆ ಒಂದು ಬೆರಳಗಲ ಮಾತ್ರ ಹೊಳಪು, ಮೇಲೆಲ್ಲ ಮಂಕು ಇದ್ದರೆ ಕಾವಿನ ನಾಲಿಗೆಯನ್ನು (ತೂತಿನೊಳಗೆ ಕೂರುವ ಭಾಗವನ್ನು) ಮೇಲಕ್ಕೆ ಹೋಗುತ್ತಾ ತುಂಬಾ ಸಣ್ಣ ಮಾಡಿದ್ದಾರೆ. ತೂತಿಗೆ ಬೇಗ ಹೋಗಲಿ ಅಂತ ಕೆತ್ತಿದ್ದು. ಮೇಲೆ ಮಾತ್ರ ಹೊಳಪಿದ್ದರೆ ಬೆಣೆಯೊಂದೇ ತಲೆಯನ್ನು ಹಿಡಿದಿತ್ತು, ಕೆಳಗೆ ಆಧಾರವೇ ಇರಲಿಲ್ಲ. ಇಂಥ ಕಾವು ತಲೆಯ ಕೆಳಗೆ ಮುರಿಯುವುದೂ ಬೇಗ. ನಡುವೆ ಒಂದು ಪಟ್ಟಿ ಮಾತ್ರ ಹೊಳೆಯುತ್ತಿದ್ದರೆ ತೂತನ್ನು ನೋಡಿ, ಮರವನ್ನಲ್ಲ. ಕುಲುಮೆಯಲ್ಲಿ ಎರಡೂ ಕಡೆಯಿಂದ ತೂತು ಹೊಡೆದಾಗ ನಡುವೆ ಕಬ್ಬಿಣದ ಒಂದು ದಿಬ್ಬ ಉಳಿಯುತ್ತದೆ. ಅರ್ಧಗುಂಡು ಅರದಿಂದ ಅದನ್ನು ಸ್ವಲ್ಪ ಉಜ್ಜಿ ಇಳಿಸಿದರೆ ಕಾವು ಎಲ್ಲ ಕಡೆ ಕೂರುತ್ತದೆ. ಆದರೆ ಕೆಳಗಿಂದ ಹಾಕುವ ಬಗೆಯಲ್ಲಿ ನಡು ಸ್ವಲ್ಪ ಸಣ್ಣದಾಗಿರುವುದು ಒಳ್ಳೆಯದೇ. ಬೆಣೆ ಹೊಡೆದ ಮರ ಮೇಲೆ ಅಗಲವಾಗಿ ಅಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಏರುಪೇರನ್ನು ಮಾತ್ರ ತೆಗೆಯಿರಿ, ತೂತನ್ನು ನೇರ ಕೊಳವೆ ಮಾಡಬೇಡಿ.

ಮರ ಕಪ್ಪಾಗಿ, ಉಗುರಿಗೆ ಪುಡಿಯಾಗಿ ಬರುತ್ತಿದ್ದರೆ ನೀರು ಕುಡಿದ ಕಬ್ಬಿಣದ ಕೆಲಸ. ಜಾಲಿಯಂಥ ಒಗರು ಮರಗಳು ಒದ್ದೆ ಕಬ್ಬಿಣ ತಾಗಿದರೆ ಕಪ್ಪಾಗುತ್ತವೆ, ಆ ಜಾಗದಲ್ಲಿ ನಿಧಾನಕ್ಕೆ ಬಲವೂ ಹೋಗುತ್ತದೆ. ಮೇಲಿಂದ ಹೊಡೆದ ಮೊಳೆಗಳ ಸುತ್ತ ಇದನ್ನು ಚೆನ್ನಾಗಿ ನೋಡಬಹುದು. ಮೊಳೆ ಬೆಣೆಯ ಕೆಲಸ ಮಾಡುವುದಿಲ್ಲ. ಎಳೆಯನ್ನು ಸೀಳುತ್ತದೆ, ತುಕ್ಕು ಹಿಡಿಯುತ್ತದೆ, ಮುಂದೆ ಕಾವು ಬಿಚ್ಚುವಾಗ ಗರಗಸದ ಹಲ್ಲು ಮುರಿಯುತ್ತದೆ.

ನೀರು ಮಾಡುವ ಕೆಲಸ

ಬಕೆಟ್ ನೀರಿನ ಉಪಾಯ ಯಾಕೆ ತಿರುಗಿ ಹೊಡೆಯುತ್ತದೆ ಅಂತ ತಿಳಿದರೆ ಸಡಿಲದ ಅರ್ಧ ಕಥೆ ಅರ್ಥವಾಗುತ್ತದೆ.

ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ತೂತಿನೊಳಗಿನ ಮರಕ್ಕೆ ಉಬ್ಬಲು ಜಾಗವಿಲ್ಲ, ಸುತ್ತ ಕಬ್ಬಿಣ. ಆಗ ಮರದ ಎಳೆಗಳೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಮರ ಮಾಮೂಲಿನಂತೆ ಕುಗ್ಗುತ್ತದೆ, ಆದರೆ ಜಜ್ಜಿದ್ದು ತಿರುಗಿ ಮೊದಲಿನಂತಾಗುವುದಿಲ್ಲ. ಹೀಗಾಗಿ ಕಾವು ಮೊದಲಿಗಿಂತ ಸಣ್ಣದಾಗುತ್ತದೆ. ಪ್ರತಿ ಸಲ ನೆನೆಸಿದಾಗಲೂ ಇನ್ನಷ್ಟು ಸಣ್ಣ. ಇವತ್ತಿನ ಒಂದು ಕೆಲಸ ಮುಗಿಸಲು ನೀರು ಸಹಾಯ ಮಾಡಬಹುದು, ಆದರೆ ಆ ಕಾವು ಮುಂದೆ ನಿಲ್ಲುವುದಿಲ್ಲ.

ಹಸಿ ಮರದ ಕಾವಿನಲ್ಲೂ ಆಗುವುದು ಇದೇ ಕುಗ್ಗುವಿಕೆ. ಮರದೊಳಗಿನ ನೀರು ಸುಮಾರು 30%ಗಿಂತ ಕೆಳಗೆ ಇಳಿದಾಗ ಕುಗ್ಗುವುದು ಶುರುವಾಗುತ್ತದೆ. ಬೆಳವಣಿಗೆಯ ಸುತ್ತುಗಳ ಉದ್ದಕ್ಕೆ ಎಷ್ಟು ಕುಗ್ಗುತ್ತದೋ ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಅದರ ಅರ್ಧದಷ್ಟು. ಕಾವು ಮೊಟ್ಟೆಯಾಕಾರವಾಗುವುದು ಇದರಿಂದಲೇ. 40 ಮಿಲಿಮೀಟರ್ ತೂತಿಗೆ ಹಸಿಯಾಗಿಯೇ ಕೂರಿಸಿದ ಗಟ್ಟಿ ಮರದ ಕಾವು, ಪೂರ್ತಿ ಒಣಗುವಾಗ ಒಂದು ದಿಕ್ಕಿನಲ್ಲಿ ಒಂದು ಮಿಲಿಮೀಟರ್‌ಗೂ ಜಾಸ್ತಿ ಕಳೆದುಕೊಳ್ಳುತ್ತದೆ. ಅಷ್ಟು ಸಂದಿಗೆ ತಲೆ ಕಳಚಿ ಬರುತ್ತದೆ.

ನಮ್ಮ ಹವೆಯ ಪಾತ್ರವೂ ದೊಡ್ಡದು. ಗಾಳಿಯ ತೇವ 90% ಇದ್ದಾಗ ಮರ ಸುಮಾರು 20% ನೀರು ಇಟ್ಟುಕೊಳ್ಳುತ್ತದೆ. ತೇವ 30%ಕ್ಕೆ ಇಳಿದರೆ ಮರದಲ್ಲಿ ಉಳಿಯುವುದು ಸುಮಾರು 6%. ಮಲೆನಾಡಿನ ಜುಲೈ ತಿಂಗಳಿಗೂ ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಇದು. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಕೂತು ಕೆತ್ತಿದ ಕಾವು ಆಗ ಬಿಗಿಯಾಗಿಯೇ ಇರುತ್ತದೆ. ಮಲೆನಾಡಿನಲ್ಲಿ ಸೌದೆ ಒಡೆದು ಒಟ್ಟುವುದು ಮಳೆ ಶುರುವಾಗುವ ಮೊದಲು, ಬೇಸಿಗೆಯಲ್ಲಿ. ಕೊಡಲಿಗೆ ಜಾಸ್ತಿ ಕೆಲಸ ಇರುವ ಆ ಹೊತ್ತಿಗೇ ಕಾವು ಅತಿ ಸಣ್ಣದಾಗಿರುತ್ತದೆ. ನಿಮ್ಮ ಕೊಡಲಿ ಫೆಬ್ರವರಿ, ಮಾರ್ಚ್‌ನಲ್ಲಿ ಸಡಿಲವಾಗಿ ಮಳೆ ಬಂದ ಮೇಲೆ ತಾನೇ ಬಿಗಿಯಾಗುತ್ತದೆ ಅಂದರೆ ಬೇರೆ ಕಾರಣ ಹುಡುಕುವುದು ಬೇಡ. ಕಾವನ್ನು ಒದ್ದೆ ಕಾಲದಲ್ಲಿ ಕೂರಿಸಿದ್ದಾರೆ. ಹೊಸ ಕಾವನ್ನು ಬೇಸಿಗೆಯ ಕೊನೆಯಲ್ಲಿ, ಮರ ಅತಿ ಒಣಗಿರುವಾಗ ಕೂರಿಸಿ.

ಒಣಗಿದೆಯೋ ಇಲ್ಲವೋ ಅಂತ ತಟ್ಟಿ, ಮುಟ್ಟಿ ಹೇಳುವುದು ಅಭ್ಯಾಸ ಇದ್ದವರಿಗೆ ಮಾತ್ರ. ಉಳಿದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಕಾವಿನ ಮರವನ್ನು ತೂಗಿ, ತೂಕವನ್ನು ಅದರ ಮೇಲೇ ಬರೆಯಿರಿ. ವಾರಕ್ಕೊಮ್ಮೆ ತೂಗಿ. ಹಸಿಯಲ್ಲಿ 800 ಗ್ರಾಂ ಇದ್ದ ತುಂಡಿನಲ್ಲಿ ನೀರಿನ ಪಾಲು ಒಣ ಮರದ ತೂಕದ 60% ಇತ್ತು ಅಂದುಕೊಳ್ಳಿ. 12%ಕ್ಕೆ ಬರುವಾಗ ಅದು 560 ಗ್ರಾಂ ಆಗುತ್ತದೆ. ಲೆಕ್ಕ ಬೇಡ ಅನ್ನುವವರು ಇಷ್ಟು ನೋಡಿದರೆ ಸಾಕು: ಎರಡು ಮೂರು ವಾರ ತೂಕ ಬದಲಾಗದಿದ್ದರೆ ಮರ ಆ ಜಾಗದ ಗಾಳಿಗೆ ಒಗ್ಗಿದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವ ಹಳೆಯ ಅಳತೆ ಇದೆ. ಬಯಲುಸೀಮೆಯಲ್ಲಿ ಅದಕ್ಕಿಂತ ಬೇಗ ಆಗುತ್ತದೆ, ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೂ ಬೇಗ ಆಗುತ್ತದೆ. ಹೊಗೆ ಹಿಡಿದ ಮರಕ್ಕೆ ಹುಳವೂ ಕಡಿಮೆ. ನೇರ ಬಿಸಿಲಿಗೆ ಮಾತ್ರ ಇಡಬೇಡಿ, ತುದಿಯಿಂದ ಬಿರುಕು ಬಿಡುತ್ತದೆ. ಎರಡೂ ತುದಿಗೆ ಜೇನುಮೇಣ ಅಥವಾ ಹಳೆಯ ಪೇಂಟ್ ಬಳಿದಿಟ್ಟರೆ ಬಿರುಕು ಕಡಿಮೆ.

ಕಾವು ಮುರಿಯುತ್ತಿದ್ದರೆ

ಸಡಿಲದ ದೂರು ಬಿಟ್ಟರೆ ಮುಂದಿನದು ಇದೇ: ಹೊಸ ಕಾವು ಹಾಕಿದ ವರ್ಷದೊಳಗೆ ಮುರಿಯಿತು. ಮುರಿದ ಮುಖ ನೋಡಿ.

ಉದ್ದಕ್ಕೆ ಓರೆಯಾಗಿ, ಈಟಿಯ ಮೊನೆಯಾಗಿ ಸೀಳಿದ್ದರೆ ಎಳೆ ಕಾವಿನ ಉದ್ದಕ್ಕೆ ಓಡಿಲ್ಲ, ನಡುವೆಯೇ ಪಕ್ಕಕ್ಕೆ ಹೊರಟುಹೋಗಿದೆ. ಗರಗಸದಲ್ಲಿ ಕೊಯ್ದ ಹಲಗೆಯಿಂದ ಮಾಡಿದ ಕಾವುಗಳಲ್ಲಿ ಇದು ಮಾಮೂಲಿ, ಗರಗಸಕ್ಕೆ ಎಳೆ ಯಾವ ಕಡೆ ಅನ್ನುವುದು ಗೊತ್ತಾಗುವುದಿಲ್ಲ ಅಲ್ವಾ? ಕೊಡಲಿಯಿಂದಲೇ ಸೀಳಿ ತೆಗೆದ ತುಂಡು ಎಳೆಯನ್ನೇ ಹಿಡಿದು ಬಿಡುತ್ತದೆ. ಸೀಳಿದ ಮರದಿಂದಲೇ ಕಾವು ಕೆತ್ತಿ. ಸ್ವಲ್ಪ ಡೊಂಕಿದ್ದರೂ ಅದೇ ಗಟ್ಟಿ. ನೀಲಗಿರಿ ನೇರವಾಗಿ ಕಾಣುತ್ತದೆ, ಸುಲಭಕ್ಕೆ ಸಿಗುತ್ತದೆ. ಆದರೆ ಅದರ ಎಳೆ ಎಷ್ಟೋ ಮರಗಳಲ್ಲಿ ಸುರುಳಿಯಾಗಿ ತಿರುಗಿರುತ್ತದೆ. ತುದಿಯಿಂದ ಒಂದು ಚಕ್ಕೆ ಸೀಳಿ ನೋಡಿ. ಸೀಳು ತಿರುಗಿದರೆ ಆ ತುಂಡು ಸೌದೆಗೆ.

ಮುರಿತ ಅಡ್ಡಕ್ಕೆ, ಚಿಕ್ಕದಾಗಿ, ಕತ್ತರಿಸಿದಂತೆ ಇದ್ದರೆ ಮರವೇ ಸರಿಯಿಲ್ಲ. ಒಳಗೆ ಕೊಳೆತಿರಬಹುದು, ಹುಳ ಕೊರೆದಿರಬಹುದು, ಗಂಟಿನ ಜಾಗ ಆಗಿರಬಹುದು. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳವೇ. ಬಿದಿರು ಮತ್ತು ಮರದ ಹೊರಗಿನ ಬಿಳಿಭಾಗಕ್ಕೆ ಅದು ಬೇಗ ಬೀಳುತ್ತದೆ. ತೇಗವನ್ನೂ ಇಲ್ಲಿ ಹೇಳಬೇಕು. ಬಾಗಿಲಿಗೆ ಅದರಂಥ ಮರವಿಲ್ಲ, ಕುಗ್ಗುವುದೂ ಕಡಿಮೆ. ಆದರೆ ಏಟು ತಿಂದು ಬಳುಕುವ ಗುಣ ಅದಕ್ಕಿಲ್ಲ. ಕೊಡಲಿ ಕಾವಿಗೆ ತೇಗ ಬೇಡ.

ತಲೆಯ ಕೆಳಗೇ ಸರಿಯಾಗಿ ಮುರಿದಿದ್ದರೆ ಎರಡು ಕಾರಣ. ಆ ಜಾಗ ಮೊದಲೇ ಜಜ್ಜಿ ನಾರು ನಾರಾಗಿದ್ದರೆ, ಬೀಸಿದವರ ಏಟು ದಾಟಿ ಹೋಗಿ ಸೌದೆಯ ಅಂಚು ಕಾವಿಗೆ ತಾಗುತ್ತಿದೆ. ಅಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಕಾವು ಬಹಳ ಕಾಲ ಬರುತ್ತದೆ. ಜಜ್ಜಿದ ಗುರುತೇ ಇಲ್ಲದಿದ್ದರೆ ನಾಲಿಗೆ ಶುರುವಾಗುವ ಕಡೆ ಮೆಟ್ಟಿಲಿನಂಥ ಚೂಪು ಮೂಲೆ ಇರುತ್ತದೆ. ತಲೆ ಅದರ ಮೇಲೆ ಕೂತು ನಿಲ್ಲಲಿ ಅಂತ ಹಾಗೆ ಕೆತ್ತುತ್ತಾರೆ. ಬೀಸುವ ಬಲವೆಲ್ಲ ಆ ಮೂಲೆಯಲ್ಲೇ ಸೇರಿ ಬಿರುಕು ಅಲ್ಲಿಂದ ಹೊರಡುತ್ತದೆ. ಮೆಟ್ಟಿಲು ಬೇಡ. ದಪ್ಪದಿಂದ ಸಣ್ಣಕ್ಕೆ ಮೆಲ್ಲಗೆ ಇಳಿಯಬೇಕು.

ಯಾವ ಮರ ಒಳ್ಳೆಯದು ಅಂತ ಕೇಳಿದರೆ ನನ್ನ ಮೊದಲ ಉತ್ತರ ತಡಸಲು. ಎಳೆ ನೇರ, ಬಳುಕುತ್ತದೆ, ಏಟು ತಡೆಯುತ್ತದೆ. ದಿಂಡಿಗ ಅದಕ್ಕಿಂತ ಭಾರ, ಬಹಳ ಗಟ್ಟಿ. ಗಾಡಿಯ ಅಚ್ಚಿಗೆ ಬಳಸುತ್ತಿದ್ದ ಮರ ಅದು. ಒಣಗುವಾಗ ಬಿರುಕು ಬಿಡುವುದು ಜಾಸ್ತಿ, ಹಾಗಾಗಿ ನಿಧಾನಕ್ಕೆ ಒಣಗಿಸಬೇಕು. ಇವೆರಡೂ ಕಾಡಿನ ಮರ. ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಮನೆಯ ಹತ್ತಿರ ಸಿಗುವುದರಲ್ಲಿ ಕರಿಜಾಲಿ ಮತ್ತು ಹುಣಸೆ ಎರಡೂ ಚೆನ್ನಾಗಿ ಬಾಳುತ್ತವೆ. ಹುಣಸೆಯಲ್ಲಿ ಎಳೆ ಹೆಣೆದುಕೊಂಡಿರುತ್ತದೆ, ಸೀಳುವುದು ಕಷ್ಟ, ಕೆತ್ತುವುದೂ ಕಷ್ಟ. ಹೊಲದಂಚಿನಲ್ಲಿ ಎಲ್ಲೆಂದರಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯನ್ನು ಜನ ಸೌದೆ ಅಂತ ಮಾತ್ರ ನೋಡುತ್ತಾರೆ. ಒಣಗುವಾಗ ಬಹಳ ಕಡಿಮೆ ಕುಗ್ಗುವ ಮರ ಅದು, ತಲೆ ಸಡಿಲವಾಗುವ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಗುಣ ಇಲ್ಲ. ಕಷ್ಟ ಏನೆಂದರೆ ಮೂರಡಿ ನೇರ ಕೊಂಬೆ ಸಿಗುವುದು ಅಪರೂಪ. ಸಣ್ಣ ಕೈಗೊಡಲಿಗೆ ಹುಡುಕಿದರೆ ಸಿಗುತ್ತದೆ. ಗಟ್ಟಿ ಬಿದಿರು ಮೇಲಿಂದ ಇಳಿಸುವ ಗುಂಡು ತೂತಿಗೆ ಬಹಳ ಒಗ್ಗುತ್ತದೆ, ಒಳಗೆ ಪೊಳ್ಳಿಲ್ಲದ್ದು ಬೇಕು, ಮತ್ತು ಗಿಣ್ಣು ತೂತಿನೊಳಗೆ ಬರುವಂತೆ ಕೊಯ್ಯಬೇಕು.

ಬಾಯಿ ನಿಲ್ಲದಿದ್ದರೆ

ಕಾವು ಸರಿಯಾದ ಮೇಲೆ ಕೆಲವರು ಹೇಳುತ್ತಾರೆ, ಈಗ ಹರಿತ ನಿಲ್ಲುತ್ತಿಲ್ಲ, ಮೊದಲು ಹೀಗಿರಲಿಲ್ಲ ಅಂತ. ನಾನು ಕೇಳುವ ಮೊದಲ ಪ್ರಶ್ನೆ, ಹಳೆಯ ಕಾವಿನ ತುಂಡನ್ನು ಹೇಗೆ ತೆಗೆದಿರಿ? ಉತ್ತರ ಬಹಳ ಸಲ ಒಂದೇ. ಒಲೆಗೆ ಹಾಕಿ ಸುಟ್ಟೆವು.

ಉಕ್ಕಿನ ಹದ ಇರುವುದು ಕಮ್ಮಾರರು ಅದನ್ನು ಕಾಯಿಸಿ, ನೀರು ಅಥವಾ ಎಣ್ಣೆಗೆ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿದ ಕ್ರಮದಲ್ಲಿ. ಆಮೇಲೆ ಎರಡನೇ ಸಲ ಕಾಯಿಸಿದ್ದಕ್ಕಿಂತ ಜಾಸ್ತಿ ಬಿಸಿ ತಾಗಿದರೆ ಹದ ಹೋಗುತ್ತದೆ. ಉಜ್ಜಿದ ಉಕ್ಕು ಸುಮಾರು 220 ಡಿಗ್ರಿಗೆ ತಿಳಿ ಹಳದಿಯಾಗುತ್ತದೆ, ಸುಮಾರು 300 ಡಿಗ್ರಿಗೆ ನೀಲಿ. ಒಲೆಯ ಕೆಂಡ ಅದಕ್ಕಿಂತ ಎಷ್ಟೋ ಮೇಲೆ. ಗ್ರೈಂಡರ್‌ನಲ್ಲಿ ಸಾಣೆ ಹಿಡಿಯುವಾಗ ಬಾಯಿಯಂಚಿನಲ್ಲಿ ನೀಲಿ ಬಂದರೂ ಇದೇ ಕಥೆ. ಅಂಚು ತೆಳು, ಕ್ಷಣದಲ್ಲಿ ಕಾಯುತ್ತದೆ. ಬೆರಳಿಟ್ಟು ತಡೆಯಲಾಗದಷ್ಟು ಬಿಸಿಯಾಗುವ ಮೊದಲೇ ನೀರಿಗೆ ಅದ್ದುತ್ತಿರಬೇಕು. ಕೈ ಅರ ಮತ್ತು ಸಾಣೆಕಲ್ಲು ಸಾಕು ಅನ್ನುವವನು ನಾನು. ನಿಧಾನ, ಆದರೆ ಹದ ಎಲ್ಲೂ ಹೋಗುವುದಿಲ್ಲ.

ಪರೀಕ್ಷೆ ಸುಲಭ. ಒಳ್ಳೆಯ ಅರವನ್ನು ಬಾಯಿಯಂಚಿನಲ್ಲಿ ಎಳೆಯಿರಿ. ಕಚ್ಚದೆ ಜಾರಿದರೆ ಉಕ್ಕು ತುಂಬಾ ಗಟ್ಟಿ, ಅಂಥದ್ದು ಚಕ್ಕೆ ಏಳುತ್ತದೆ. ಶ್ರಮಪಟ್ಟು ಕಚ್ಚಿದರೆ ಸರಿಯಾಗಿದೆ. ಬೆಣ್ಣೆಯಲ್ಲಿ ಹೋದಷ್ಟು ಸಲೀಸಾಗಿ ಕಚ್ಚಿದರೆ ಮೆತ್ತಗಿದೆ. ಅದರ ಅಂಚು ಒಡೆಯುವುದಿಲ್ಲ, ಮಡಚಿಕೊಳ್ಳುತ್ತದೆ. ಮೆತ್ತಗಿರುವುದು ಅಂಚಿನ ಎರಡು ಮೂರು ಮಿಲಿಮೀಟರ್ ಮಾತ್ರವಾ ಅಂತ ಒಳಗಡೆಯೂ ಅರ ಆಡಿಸಿ ನೋಡಿ. ಹಾಗಿದ್ದರೆ ಅಷ್ಟನ್ನು ಸವೆಸಿ ತೆಗೆದರೆ ಒಳಗೆ ಒಳ್ಳೆಯ ಉಕ್ಕು ಸಿಗುತ್ತದೆ. ಪೂರ್ತಿ ಮೆತ್ತಗಿದ್ದರೆ ಕುಲುಮೆಗೆ ಹೋಗಿ ಹದ ಹಾಕಿಸಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕೊಡಲಿ ಆದರೆ ಅದು ಮತ್ತೆ ಹದ ಹಿಡಿಯುತ್ತದೆ.

ಅಜ್ಜನ ಕಾಲದ ಕೊಡಲಿಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ಮೈಯೆಲ್ಲ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ತುಂಡು ಕೂಡಿಸಿರುತ್ತಿದ್ದರು. ವರ್ಷಗಟ್ಟಲೆ ಸಾಣೆ ಹಿಡಿದು ಆ ಉಕ್ಕು ಸವೆದಿದ್ದರೆ ಉಳಿದದ್ದು ಬರೀ ಕಬ್ಬಿಣ, ಅದಕ್ಕೆ ಎಷ್ಟು ಹದ ಹಾಕಿದರೂ ಹರಿತ ಬರುವುದಿಲ್ಲ. ಬಾಯಿಯ ಪಕ್ಕವನ್ನು ಸ್ಯಾಂಡ್ ಪೇಪರ್‌ನಿಂದ ಹೊಳಪು ಮಾಡಿ ವಿನೆಗರ್ ಸವರಿ ಅರ್ಧ ಗಂಟೆ ಬಿಡಿ. ಉಕ್ಕು ಕಪ್ಪಗಾಗುತ್ತದೆ, ಕಬ್ಬಿಣ ಬೆಳ್ಳಗೆ ಉಳಿಯುತ್ತದೆ. ನಡುವಿನ ಗೆರೆ ಬಾಯಿಯಿಂದ ಎಷ್ಟು ದೂರ ಇದೆಯೋ ಅಷ್ಟು ಉಕ್ಕು ಬಾಕಿ ಇದೆ. ಗೆರೆಯೇ ಕಾಣದೆ ಎಲ್ಲ ಬೆಳ್ಳಗಿದ್ದರೆ ಹೊಸ ಉಕ್ಕು ಕೂಡಿಸಬಲ್ಲ ಕಮ್ಮಾರರನ್ನು ಹುಡುಕಿ. ಅಂಥವರು ಈಗ ಕಡಿಮೆಯಾಗಿದ್ದಾರೆ. ಸಿಕ್ಕರೆ ಕೇಳಿದಷ್ಟು ಕೊಟ್ಟು ಮಾಡಿಸಿ.

ಉಕ್ಕು ಸರಿಯಿದ್ದೂ ಅಂಚು ಹೋಗುತ್ತಿದ್ದರೆ ಹರಿತ ತೆಳುವಾಗಿದೆ. ಜಾಲಿ, ಹುಣಸೆಯಂಥ ಸೌದೆಗೆ 30 ಡಿಗ್ರಿಯಷ್ಟು ದಪ್ಪ ಅಂಚು ಬೇಕು, ಸ್ವಲ್ಪ ಉಬ್ಬಿದಂತೆ. ತುಕ್ಕಿಗೆ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ ಎಣ್ಣೆ ಹಚ್ಚಿದರೆ ಸಾಕು.

ಹೊಸ ಕಾವು ಕೂರಿಸುವಾಗ

ತೂತಿನ ಒಳಗೋಡೆಗೆ ದೀಪದ ಕಾಡಿಗೆಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿ. ಕಾವನ್ನು ತುರುಕಿ, ಕೊಡತಿಯಿಂದ ಎರಡೇಟು ಹಾಕಿ, ಬಿಚ್ಚಿ ನೋಡಿ. ಕಪ್ಪು ತಾಗಿದ ಕಡೆ ಮರ ಎತ್ತರವಾಗಿದೆ. ಅಷ್ಟನ್ನೇ ಉಳಿಯಿಂದಲೋ ಅರದಿಂದಲೋ ತೆಗೆಯಿರಿ. ಮತ್ತೆ ತುರುಕಿ, ಮತ್ತೆ ನೋಡಿ. ಬೇಸರ ಬರುವ ಕೆಲಸ, ಆದರೆ ತಲೆ ನಿಲ್ಲುವುದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಕಪ್ಪು ಸುತ್ತಲೂ ಒಂದೇ ಸಮ ಅಂಟುವವರೆಗೆ ಬಿಡಬೇಡಿ. ಬೆಣೆ ಹೊಡೆಯುವ ಮೊದಲೇ ತಲೆ ಅಲ್ಲಾಡದೆ ಕೂತಿರಬೇಕು.

ಪ್ರತಿ ಸಲವೂ ಬಾಯಿಯ ಗೆರೆಯ ಮೇಲೆ ಒಂದು ಕಣ್ಣಿಟ್ಟು ಕಾವಿನ ಉದ್ದಕ್ಕೆ ನೋಡಿ. ಬಾಯಿ ಮತ್ತು ಕಾವಿನ ನಡು ಒಂದೇ ಗೆರೆಯಲ್ಲಿ ಬರಬೇಕು. ಬಾಯಿ ಪಕ್ಕಕ್ಕೆ ತಿರುಗಿದ ಕೊಡಲಿ ಸೌದೆಯಿಂದ ಜಾರುತ್ತದೆ, ಕೈಯೂ ನೋಯುತ್ತದೆ.

ಬೆಣೆಯ ಕೊಡಲಿಗೆ ನಾಲಿಗೆಯನ್ನು ತೂತಿನ ಆಳದ ಮೂರನೇ ಎರಡು ಭಾಗದಷ್ಟು ಸೀಳಿ. ಕಾವನ್ನು ಒಂದು ಕೈಯಲ್ಲಿ ತಲೆ ಕೆಳಗಾಗಿ ನೇತುಹಾಕಿ ಹಿಡಿದು, ಹಿಡಿಯ ತುದಿಗೆ ಕೊಡತಿಯಿಂದ ಹೊಡೆಯಿರಿ. ತಲೆ ನೆಲಕ್ಕೆ ತಾಗಬಾರದು. ತಲೆಯ ತೂಕ ನಿಂತಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತದೆ. ನೆಲಕ್ಕೆ ಕುಟ್ಟುವುದಕ್ಕಿಂತ ಇದು ಎಷ್ಟೋ ಚೆನ್ನಾಗಿ ಕೂರಿಸುತ್ತದೆ. ಬೆಣೆ ಕಾವಿಗಿಂತ ಒಣಗಿರಲೇಬೇಕು, ಸೀಳಿನ ಪೂರ್ತಿ ಉದ್ದಕ್ಕೆ ಇರಬೇಕು, ನಿಧಾನಕ್ಕೆ ಸಣ್ಣದಾಗುತ್ತಾ ಹೋಗಬೇಕು. ಮೊಂಡಾದ ಬೆಣೆ ಪುಟಿದು ಹೊರಬರುತ್ತದೆ. ಸುತ್ತಿಗೆಯ ಸದ್ದು ಬದಲಾಗಿ ಬೆಣೆ ಇಳಿಯುವುದು ನಿಂತಾಗ ನಿಲ್ಲಿಸಿ. ತುದಿಯನ್ನು ತಲೆಗೆ ಸಮ ಕೊಯ್ಯಬೇಡಿ. ನಾಲ್ಕೈದು ಮಿಲಿಮೀಟರ್ ಹೊರಗೆ ಬಿಟ್ಟರೆ ಅಗಲವಾದ ಮರ ತಲೆಯ ಮೇಲೆ ತಡೆಯಾಗಿ ನಿಲ್ಲುತ್ತದೆ.

ಮೇಲಿಂದ ಇಳಿಸುವ ಬಗೆಗೆ ಕೊಡಲಿಯನ್ನು ತಲೆಕೆಳಗು ಮಾಡಿ, ಕಾವಿನ ದಪ್ಪ ತುದಿಯನ್ನು ಮರದ ದಿಮ್ಮಿಗೆ ಕುಟ್ಟಿ. ತಲೆ ದಪ್ಪ ಕಡೆಗೆ ಸರಿದು ಬಿಗಿಯಾಗುತ್ತದೆ. ಗೋಣಿಯ ತುಂಡು, ಬಟ್ಟೆ, ತಗಡು ತುರುಕಿ ಬಿಗಿ ಮಾಡುವುದು ಹಿಂದಿನಿಂದ ನಡೆದು ಬಂದಿದೆ. ಗುದ್ದಲಿಗೆ ಆದೀತು. ತಲೆಯ ಮೇಲಿಂದ ಬೀಸುವ ಕೊಡಲಿಗೆ ನಾನು ಒಪ್ಪುವುದಿಲ್ಲ.

ಕೊನೆಗೆ ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಹೊಂಗೆ ಎಣ್ಣೆ, ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ, ಅಂಟಂಟು ಉಳಿದು ಕೈ ಜಾರುತ್ತದೆ. ಕಾವಿಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ. ತಲೆಯ ಮೇಲೆ ಕಾಣುವ ಕಾವಿನ ತುದಿಗೆ ಜಾಸ್ತಿ ಕುಡಿಸಿ, ನೀರು ಒಳಹೋಗುವುದು ಅಲ್ಲಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ತಲೆಯ ಕೆಳಗೆ ಪೆನ್ಸಿಲ್ ಗೆರೆಯನ್ನು ಹೊಸ ಕಾವಿಗೂ ಎಳೆದಿಡಿ. ಮೊದಲ ಬೇಸಿಗೆಯಲ್ಲಿ ಕೊಡಲಿ ಎತ್ತಿದಾಗಲೆಲ್ಲ ಅದರ ಮೇಲೆ ಕಣ್ಣಿರಲಿ. ಗೆರೆ ಬಿಟ್ಟು ತಲೆ ಮೇಲೆ ಸರಿದಿದ್ದರೆ ಮತ್ತೆ ನೇತುಹಾಕಿ ಹೊಡೆದು, ಬೆಣೆಯನ್ನು ಒಂದೆರಡು ಏಟು ಇಳಿಸಿ. ಬೆಣೆ ಪೂರ್ತಿ ಇಳಿದು ಜಾಗ ಮುಗಿದಿದ್ದರೆ ಮಾತ್ರ ಅದಕ್ಕೆ ಅಡ್ಡವಾಗಿ ಒಂದು ಸಣ್ಣ ಕಬ್ಬಿಣದ ಬೆಣೆ ಹೊಡೆಯಬಹುದು, ಒಂದೇ ಒಂದು ಸಲ. ಅದಾದ ಮೇಲೂ ಸಡಿಲವಾದರೆ ಇನ್ನೊಂದು ಕಾವು ಕೆತ್ತಿ.